ಕೊಂದವಳು ನರ್ಸ್ ಆದರೆ ‘ಬಂದಳು’, ಕೊಂದವನು ಡಾಕ್ಟರ್ ಆದರೆ ‘ಬಂದರು’: ಸಬ್‌ಟೈಟಲ್ ಬರೆಯುವವಳ ಒಂದು ಪ್ರಶ್ನೆ

ಅಡಿಸಾಲು

ಸಾಕ್ಷ್ಯಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು ನನ್ನ ಹೊಟ್ಟೆಪಾಡು. ಮೊದಮೊದಲು ಹುಲಿ, ತಿಮಿಂಗಿಲ, ಜ್ವಾಲಾಮುಖಿ ಬರುತ್ತಿದ್ದವು. ಈಗ ನಾಲ್ಕು ಬಂದರೆ ಮೂರು ಕೊಲೆಯವೇ. ಈ ಸಲ ಹೆಣ್ಣು ಸೀರಿಯಲ್ ಕಿಲ್ಲರ್‌ಗಳ ಮೇಲೆ ಆರು ಕಂತಿನ ಸರಣಿ ಕೊಟ್ಟಿದ್ದಾರೆ. ನಾಲ್ಕು ಮುಗಿಸಿದ್ದೇನೆ. ಐದನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಐದನೇ ಕಂತು ಬೆವರ್ಲಿ ಆಲಿಟ್ ಬಗ್ಗೆ. ಇಂಗ್ಲೆಂಡಿನ ಗ್ರಾಂಥಮ್‌ನ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್. 1991ರಲ್ಲಿ ನಾಲ್ಕು ಮಕ್ಕಳನ್ನು ಕೊಂದಳು, ಇನ್ನೂ ಒಂಬತ್ತು ಮಕ್ಕಳ ಮೇಲೆ ಕೈ ಮಾಡಿದಳು. 1993ರಲ್ಲಿ 13 ಜೀವಾವಧಿ ಶಿಕ್ಷೆ ಆಯಿತು. ಕಂತಿನ ನಡುವೆ ಹೋಲಿಕೆಗೆ ಅಂತ ಒಂದೂವರೆ ನಿಮಿಷ ಹೆರಾಲ್ಡ್ ಶಿಪ್‌ಮನ್ ಬರುತ್ತಾನೆ. ಅವನೂ ಇಂಗ್ಲೆಂಡಿನವನೇ, ಫ್ಯಾಮಿಲಿ ಡಾಕ್ಟರ್. ತನ್ನ ಪೇಷಂಟ್‌ಗಳಿಗೆ ಡಯಾಮಾರ್ಫಿನ್ ಅನ್ನುವ ಬಲವಾದ ನೋವಿನ ಮದ್ದು ಚುಚ್ಚಿ ಕೊಂದವನು. 2000ದಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು. ಆಮೇಲೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ 215 ಜನರನ್ನು ಕೊಂದಿದ್ದಾನೆ ಎಂದು 2002ರಲ್ಲಿ ಹೇಳಿತು.

ರಾತ್ರಿ ಫೈಲ್ ಮುಗಿಸಿ, ಕಳಿಸುವ ಮುಂಚೆ ಒಂದು ಸಲ ಓದಿಕೊಂಡು ಹೋದೆ. ನರ್ಸ್ ಭಾಗದಲ್ಲಿ ನಾನು ಬರೆದದ್ದು: “ವಾರ್ಡಿಗೆ ಬಂದಳು. ಮಗುವಿನ ಪಕ್ಕ ನಿಂತಳು. ಹೊರಟುಹೋದಳು.” ಡಾಕ್ಟರ್ ಭಾಗದಲ್ಲಿ: “ಮನೆಗೆ ಬಂದರು. ಇಂಜೆಕ್ಷನ್ ಕೊಟ್ಟರು. ಹೊರಟುಹೋದರು.”

ಎರಡೂ ಒಂದೇ ಫೈಲಿನಲ್ಲಿ. ಎರಡೂ ನನ್ನದೇ ಕೈಬರಹ ಅನ್ನಿ. ಇಂಗ್ಲಿಷ್ ನಿರೂಪಕ ಇಬ್ಬರಿಗೂ ಒಂದೇ ಕ್ರಿಯಾಪದ ಬಳಸಿದ್ದ, ಅಲ್ಲಿ ಮರ್ಯಾದೆಯ ಬಹುವಚನವೇ ಇಲ್ಲ. ‘ರು’ ಹಚ್ಚಿದ್ದು ನಾನು. ಯೋಚನೆ ಮಾಡಿ ಹಚ್ಚಿದ್ದೂ ಅಲ್ಲ. ಡಾಕ್ಟರ್ ಅಂತ ಕಂಡ ತಕ್ಷಣ ಕೈ ತಾನಾಗಿ ಎದ್ದು ನಿಂತಿದೆ. 215 ಜನರನ್ನು ಕೊಂದವನಿಗೆ ‘ಬಂದರು, ಕೂತರು’! ನಗು ಬಂತು, ಆಮೇಲೆ ನಿದ್ದೆ ಬರಲಿಲ್ಲ.

ಇದು ನನ್ನ ತಪ್ಪು, ಒಪ್ಪಿದೆ. ಆದರೆ ಮೂಲದಲ್ಲೂ ಇಂಥದ್ದೇ ಬೇರೆ ರೂಪದಲ್ಲಿ ಇದೆ ಅಂತ ನನಗೆ ಅನಿಸುತ್ತಿದೆ. ಮುಗಿಸಿದ ನಾಲ್ಕು ಕಂತುಗಳಲ್ಲಿ ಎಲ್ಲರೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: “ಒಬ್ಬ ತಾಯಿ, ಒಬ್ಬ ಹೆಂಡತಿ ಹೀಗೆ ಮಾಡಲು ಹೇಗೆ ಸಾಧ್ಯ?” ಗಂಡಸಿನ ಕಂತಿನಲ್ಲಿ ‘ಒಬ್ಬ ಅಪ್ಪ ಹೀಗೆ ಮಾಡಲು ಹೇಗೆ ಸಾಧ್ಯ’ ಅಂತ ನಾನು ಇವತ್ತಿನವರೆಗೆ ಟೈಪ್ ಮಾಡಿಲ್ಲ. ಅಲ್ಲಿ ಕೇಳುವುದು ‘ಹೇಗೆ ತಪ್ಪಿಸಿಕೊಂಡ’, ‘ಹೇಗೆ ಸಿಕ್ಕಿಬಿದ್ದ’.

ಅಡ್ಡಹೆಸರುಗಳನ್ನೇ ನೋಡಿ. ಗಂಡಸರಿಗೆ ರಿಪ್ಪರ್, ಸ್ಟ್ರಾಂಗ್ಲರ್, ರಾತ್ರಿ ಹೊಂಚುವವನು. ಕೇಳಿದರೆ ಕದ ಹಾಕಿಕೊಳ್ಳಬೇಕು ಅನಿಸಬೇಕು. ಹೆಂಗಸರಿಗೆ? ಜೇನ್ ಟಾಪನ್ ಅಮೆರಿಕದ ಮ್ಯಾಸಚೂಸೆಟ್ಸ್‌ನ ನರ್ಸ್, 1901ರಲ್ಲಿ ಸಿಕ್ಕಿಬಿದ್ದಳು, 31 ಕೊಲೆ ಒಪ್ಪಿಕೊಂಡಳು. ಅವಳ ಹೆಸರು ‘ಜಾಲಿ ಜೇನ್’. ನ್ಯಾನಿ ಡಾಸ್ ನಾಲ್ಕು ಗಂಡಂದಿರಿಗೆ ವಿಷ ಹಾಕಿದ್ದೇನೆ ಅಂತ 1954ರಲ್ಲಿ ಒಪ್ಪಿಕೊಂಡವಳು. ಅವಳು ‘ಕಿಸಿಕಿಸಿ ನಗುವ ಅಜ್ಜಿ’. ಕೊಲೆಗಾರ್ತಿಯ ಹೆಸರೋ, ಮಕ್ಕಳ ಪದ್ಯವೋ ಗೊತ್ತಾಗುವುದಿಲ್ಲ. ಆಗ ಅವಳಿಗೆ ಐವತ್ತೂ ದಾಟಿರಲಿಲ್ಲ, ಅಜ್ಜಿ ಬೇರೆ.

ಗಂಡನನ್ನು ಕೊಂದವಳಿಗೆ ಇಡುವ ‘ಬ್ಲ್ಯಾಕ್ ವಿಡೋ’ ಅನ್ನುವ ಹೆಸರಂತೂ ನನ್ನ ಪ್ರಾಣ ತಿಂದಿತು. ಅದು ಒಂದು ಜೇಡದ ಹೆಸರು, ನಮ್ಮಲ್ಲಿ ಆ ಜೇಡಕ್ಕೆ ಹೆಸರಿಲ್ಲ. ‘ಕಪ್ಪು ವಿಧವೆ’ ಅಂತ ಬರೆದೆ. ಓದಿ ನೋಡಿ. ಜೇಡ ಹೋಯಿತು, ವಿಧವೆ ಉಳಿದಳು. ಯಾರನ್ನೂ ಕೊಲ್ಲದೆ ಗಂಡನನ್ನು ಕಳೆದುಕೊಂಡವರೆಲ್ಲ ಆ ಪದದ ಅಡಿ ಬಂದು ನಿಂತ ಹಾಗಾಯಿತು. ಅಳಿಸಿ ‘ಬ್ಲ್ಯಾಕ್ ವಿಡೋ’ ಅಂತಲೇ ಬಿಟ್ಟೆ.

ಇನ್ನೊಂದು ತಾಪತ್ರಯ. ಪ್ರತಿ ಕಂತಿನ ಶುರುವಿನಲ್ಲಿ “ಕೊಲೆಗಾರ ಮನೆಯೊಳಗೇ ಇದ್ದ” ಅನ್ನುವಂಥ ಮಾತು ಬರುತ್ತದೆ. ಇಂಗ್ಲಿಷಿನಲ್ಲಿ ಅದು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಐದು ನಿಮಿಷ ಬಿಟ್ಟು ‘ಅಯ್ಯೋ, ಹೆಂಗಸು!’ ಅಂತ ಬೆಚ್ಚಿಬೀಳಿಸಬೇಕು, ಅದೇ ಅವರ ಲೆಕ್ಕ. ಕನ್ನಡದಲ್ಲಿ ‘ಇದ್ದ’ ಬರೆದರೆ ಸುಳ್ಳು, ‘ಇದ್ದಳು’ ಬರೆದರೆ ಗುಟ್ಟು ರಟ್ಟು. ‘ಕೊಂದವರು ಮನೆಯೊಳಗೇ ಇದ್ದರು’ ಅಂತ ಬರೆದು ಜಾರಿಕೊಂಡೆ. ಆದರೆ ಒಂದು ಮಾತು. ಹೆಂಗಸು ಅನ್ನುವುದೇ ಅಷ್ಟು ದೊಡ್ಡ ಗುಟ್ಟಾಗಬೇಕಾ? ಸರಣಿಯ ಹೆಸರಿನಲ್ಲೇ ಹೆಂಗಸು ಅಂತ ಇದೆ!

ಈಗ ಪ್ರಶ್ನೆ. ಎರಡು ದಿನದಲ್ಲಿ ಫೈಲ್ ಕಳಿಸಬೇಕು. ಇಬ್ಬರಿಗೂ ‘ಳು, ನು’ ಹಾಕಲಾ? ಇಬ್ಬರಿಗೂ ‘ರು’ ಹಾಕಲಾ? ಇಂಥ ಚಿತ್ರ ನೋಡುವವರಿಗೆ, ಮಾಡುವವರಿಗೆ ಇದು ಕಾಣುತ್ತದಾ, ಇಲ್ಲ ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ಸುಮ್ನೆನೋಡುವವ

ಜಾಸ್ತಿ ಯೋಚನೆ ಮಾಡ್ತಿದ್ದೀರಿ ಮೇಡಂ, ಬೇಜಾರಾಗಬೇಡಿ. ನನಗೆ ಕಾಣುವುದು ಉಲ್ಟಾ. ಕೊಂದವಳು ಹೆಂಗಸಾದರೆ ಸಾಕ್ಷ್ಯಚಿತ್ರದವರು ಮೆತ್ತಗಾಗುತ್ತಾರೆ. ಅವಳ ಬಾಲ್ಯ, ಅವಳಿಗೆ ಹೊಡೆದ ಅಪ್ಪ, ಬಿಟ್ಟುಹೋದ ಅಮ್ಮ, ಅರ್ಧ ಗಂಟೆ ಅದೇ. ಐಲೀನ್ ವೂರ್ನೋಸ್ ಏಳು ಜನ ಗಂಡಸರನ್ನು ಗುಂಡು ಹಾರಿಸಿ ಕೊಂದಳು. ಎಷ್ಟು ಚಿತ್ರ ಬಂತು ನೋಡಿ, ಎಲ್ಲದರಲ್ಲೂ ಕೊನೆಗೆ ಅಯ್ಯೋ ಪಾಪ. ಸತ್ತ ಏಳು ಜನರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ಗೊತ್ತಿಲ್ಲ ಅಲ್ವಾ?

ಕೊಂದವರಿಗೆ ಏಕವಚನ. ಗಂಡೋ ಹೆಣ್ಣೋ, ವಿಷಯ ಮುಗಿಯಿತು.

ಅಡಿಸಾಲು

@ಸುಮ್ನೆನೋಡುವವ, ಏಕವಚನದ ಮಾತು ಒಪ್ಪಿದೆ. ಹೆಸರಿನ ಪ್ರಶ್ನೆಗೆ ಉತ್ತರ: ರಿಚರ್ಡ್ ಮಲೋರಿ. ಮೊದಲು ಸತ್ತವನು, 1989. ನನಗೆ ಗೊತ್ತಿರುವುದು ಆ ಕಂತಿಗೆ ಬರೆದಿದ್ದರಿಂದ, ಜಾಣತನದಿಂದ ಅಲ್ಲ. ಉಳಿದವರ ಹೆಸರು ಫೈಲ್ ತೆಗೆದು ನೋಡಬೇಕು. ಅಷ್ಟರಮಟ್ಟಿಗೆ ನಿಮ್ಮ ಏಟು ಸರಿಯಾಗಿಯೇ ಬಿತ್ತು.

ಆದರೆ ‘ಮೆತ್ತಗಾಗುತ್ತಾರೆ’ ಅಂದದ್ದಕ್ಕೆ ಒಂದು ಮಾತು. ವೂರ್ನೋಸ್ ಕಂತಿನಲ್ಲಿ ಮೊದಲ ಸಾಲೇ “ಅಮೆರಿಕದ ಮೊದಲ ಹೆಣ್ಣು ಸೀರಿಯಲ್ ಕಿಲ್ಲರ್”. ಅದಕ್ಕೆ ಹಿಂದಿನ ಕಂತಿನಲ್ಲೇ ನಾನು ಜೇನ್ ಟಾಪನ್ ಬಗ್ಗೆ ಬರೆದಿದ್ದೆ, 90 ವರ್ಷ ಹಳೆಯ ಕೇಸು! ಒಂದೇ ಸರಣಿ, ಒಂದೇ ನಿರೂಪಕ. ಯಾರಿಗೂ ನೆನಪಿಲ್ಲ. ವಿಷ ಹಾಕಿದವರು ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾಣುತ್ತದೆ. ರಸ್ತೆಗೆ ಬಂದು, ಗುರುತಿಲ್ಲದ ಗಂಡಸರನ್ನು ಬಂದೂಕಿನಿಂದ ಕೊಂದರೆ ಮಾತ್ರ ಹೆಂಗಸು ‘ನಿಜವಾದ’ ಕಿಲ್ಲರ್. ಗಂಡಸಿನ ಹಾಗೆ ಕೊಂದರೆ ಮೊದಲ ಸ್ಥಾನ, ಮನೆಯೊಳಗೆ ಕೊಂದರೆ ನಗುವ ಅಜ್ಜಿ.

ಪಾಪ ಅನ್ನಿಸುವ ವಿಚಾರಕ್ಕೂ ಒಂದು ಕಥೆ ಇದೆ. ಮಲೋರಿ ನನ್ನ ಮೇಲೆ ಅತ್ಯಾಚಾರ ಮಾಡಿದ, ಅದಕ್ಕೇ ಕೊಂದೆ ಅಂತ ವೂರ್ನೋಸ್ ಕೋರ್ಟಿನಲ್ಲಿ ಹೇಳಿದ್ದಳು. ಅವನು ಹಿಂದೆ ಇನ್ನೊಬ್ಬ ಹೆಂಗಸಿನ ಮೇಲೆ ಅಂಥದ್ದೇ ಪ್ರಯತ್ನ ಮಾಡಿ ಶಿಕ್ಷೆ ಅನುಭವಿಸಿದ್ದ. ಅದು ಜ್ಯೂರಿಯ ಮುಂದೆ ಬರಲೇ ಇಲ್ಲ. 1992ರ ಜನವರಿಯಲ್ಲಿ ತೀರ್ಪಾಯಿತು, ಆ ವಿಷಯವನ್ನು ಅದೇ ವರ್ಷದ ಕೊನೆಗೆ ಟೀವಿಯವರು ಹೊರಗೆ ತೆಗೆದರು. ಅಷ್ಟೊತ್ತಿಗೆ ಮರಣದಂಡನೆಯ ತೀರ್ಪು ಆಗಿಹೋಗಿತ್ತು. ಉಳಿದ ಕೊಲೆಗಳಿಗೆ ಇದು ಸಬೂಬಲ್ಲ. ಆಮೇಲೆ ಅವಳೇ ಮಾತು ಬದಲಾಯಿಸಿದಳು ಅನ್ನುವುದೂ ನಿಜ. 2002ರ ಅಕ್ಟೋಬರ್ 9ರಂದು ಇಂಜೆಕ್ಷನ್ ಕೊಟ್ಟು ಶಿಕ್ಷೆ ಜಾರಿ ಮಾಡಿದರು.

ಅವಳ ಬಗ್ಗೆ ನಿಕ್ ಬ್ರೂಮ್‌ಫೀಲ್ಡ್ ಎರಡು ಚಿತ್ರ ಮಾಡಿದ್ದಾನೆ, 1992ರಲ್ಲಿ ಒಂದು, 2003ರಲ್ಲಿ ಒಂದು. ಮೊದಲನೆಯದರಲ್ಲಿ ಕೊಲೆಗಿಂತ ವ್ಯಾಪಾರವೇ ಜಾಸ್ತಿ. ವಕೀಲ, ಅವಳನ್ನು ದತ್ತು ತೆಗೆದುಕೊಂಡ ಹೆಂಗಸು, ಎಲ್ಲರೂ ಸಂದರ್ಶನಕ್ಕೆ ದುಡ್ಡಿನ ಮಾತಾಡುತ್ತಾರೆ, ಕ್ಯಾಮೆರಾ ಓಡುತ್ತಲೇ ಇರುತ್ತದೆ. ಸಿನಿಮಾ ಹಕ್ಕಿನ ಮಾತುಕತೆಯಲ್ಲಿ ಪೊಲೀಸರ ಹೆಸರೂ ಬರುತ್ತದೆ. ನಾನು ನೋಡಿದ್ದರಲ್ಲಿ ‘ಹೆಂಗಸು ಹೀಗೆ ಮಾಡಲು ಸಾಧ್ಯವಾ’ ಅನ್ನುವುದನ್ನು ಬಿಟ್ಟು ‘ಇದರಿಂದ ಯಾರಿಗೆ ಎಷ್ಟು ಸಿಕ್ಕಿತು’ ಅಂತ ಕೇಳಿದ ಚಿತ್ರ ಅದೊಂದೇ.

ಕತ್ತರಿಕೆಲಸ

ನಾನು ಎಡಿಟರ್. ಈ ಥರದ ಕೆಲಸ ಸುಮಾರು ಮಾಡಿದ್ದೇನೆ. ಒಳಗಿನ ಮಾತು ಹೇಳುತ್ತೇನೆ, ಬೈಯಬೇಡಿ.

ವಿಷದ ಕೇಸಿನಲ್ಲಿ ತೋರಿಸಲು ಏನೂ ಇರುವುದಿಲ್ಲ. ಅದೇ ದೊಡ್ಡ ಕಷ್ಟ. ಬಂದೂಕಿನ ಕೇಸಿಗೆ ರಸ್ತೆ ಇದೆ, ಕಾರಿದೆ, ಪೊಲೀಸ್ ದೀಪ ಇದೆ, ಗುಂಡು ಬಿದ್ದ ಜಾಗದ ಫೋಟೋ ಇದೆ. ವಿಷ ಹಾಕಿದವಳ ಮನೆಯಲ್ಲಿ ಏನಿದೆ? ಒಂದು ಮದುವೆ ಫೋಟೋ, ಒಂದು ಸಾವಿನ ಸರ್ಟಿಫಿಕೇಟು. 50 ನಿಮಿಷ ತುಂಬಿಸಬೇಕು. ಆಗ ಕಪ್ಪು ಬರುತ್ತದೆ. ಕಪ್ಪು ಅಂದರೆ ಟೀ ಕಪ್ಪು. ಸ್ಟಾಕ್ ಫುಟೇಜಿನಲ್ಲಿ, ಅಂದರೆ ಯಾರೋ ಮೊದಲೇ ತೆಗೆದಿಟ್ಟ ದೃಶ್ಯಗಳಲ್ಲಿ, ‘ಹೆಂಗಸು, ಕಪ್, ಚಮಚ’ ಅಂತ ಹುಡುಕುತ್ತೇವೆ. ಬರುವ ಕೈ ಯಾವಾಗಲೂ ಇಪ್ಪತ್ತೈದರ ಹುಡುಗಿಯದು, ಉಗುರಿಗೆ ಕೆಂಪು ಬಣ್ಣ. ನಾನು ಒಬ್ಬ ಅರವತ್ತು ವರ್ಷದವಳ ಕಥೆಗೆ ಆ ಕೈಯನ್ನೇ ಹಾಕಿದ್ದೇನೆ. ಚಮಚ ನಿಧಾನವಾಗಿ ತಿರುಗುತ್ತದೆ, ಹಿಂದೆ ಕೀಲಿ ಕೊಡುವ ಆಟಿಕೆಯ ಸಂಗೀತ. ಹನ್ನೊಂದು ಸೆಕೆಂಡ್. ಯಾರೂ ಕೇಳಲಿಲ್ಲ, ಈ ಕೈ ಯಾರದು ಅಂತ.

ಗಂಡಸಿನ ಕಂತಿಗೆ ನನ್ನ ಬಿನ್ನಿನಲ್ಲಿ (ದೃಶ್ಯದ ತುಣುಕು ಕೂಡಿಡುವ ಫೋಲ್ಡರ್) ಮ್ಯಾಪು, ಕತ್ತಲ ರಸ್ತೆ, ಬೇಲಿ, ಕಾಡು. ಹೆಂಗಸಿನ ಕಂತಿಗೆ ಲಿಪ್‌ಸ್ಟಿಕ್, ಪರದೆ, ತೊಟ್ಟಿಲು, ಕನ್ನಡಿ. ಒಮ್ಮೆ ಆಸ್ಪತ್ರೆ ಕೇಸಿನಲ್ಲಿ ಡ್ಯೂಟಿ ಚಾರ್ಟು, ಔಷಧಿ ರಿಜಿಸ್ಟರು ಹಾಕೋಣ ಅಂದೆ, ಅದೇ ಅಲ್ಲಿನ ನಿಜವಾದ ಸಾಕ್ಷಿ. ಪ್ರೊಡ್ಯೂಸರ್ “ಬೋರ್ ಹೊಡೆಯುತ್ತೆ ಗುರು, ಕಣ್ಣಿಗೆ ಹೋಗು” ಅಂದ. ಕಣ್ಣಿಗೆ ಹೋಗುವುದು ಅಂದರೆ ಅವಳ ಫೋಟೋದ ಕಣ್ಣಿನ ಮೇಲೆ ನಿಧಾನಕ್ಕೆ ಝೂಮ್. ಯಾರ ಫೋಟೋ ಆದರೂ ಅಷ್ಟು ನಿಧಾನ ಝೂಮ್ ಮಾಡಿ, ಕೊಲೆಗಾರರ ಥರವೇ ಕಾಣುತ್ತಾರೆ. ನನ್ನ ಚಿಕ್ಕಮ್ಮನ ಫೋಟೋ ಹಾಕಿ ಟೆಸ್ಟ್ ಮಾಡಿದ್ದೇನೆ. ಅವರಿಗೆ ಹೇಳಬೇಡಿ.

ನನ್ನ ಪಾಪದ ಲೆಕ್ಕದಲ್ಲಿ ಇನ್ನೊಂದಿದೆ. ಎಲಿಜಬೆತ್ ಬಾತೊರಿ, ಹಂಗೇರಿಯ ಶ್ರೀಮಂತ ಮನೆತನದವಳು. ಕೆಲಸದ ಹುಡುಗಿಯರನ್ನು ಚಿತ್ರಹಿಂಸೆ ಕೊಟ್ಟು ಕೊಂದಳು ಅನ್ನುವ ಆರೋಪ. 1610ರಲ್ಲಿ ಹಿಡಿದರು, 1614ರಲ್ಲಿ ಕೋಟೆಯಲ್ಲೇ ಸತ್ತಳು. ಯೌವನ ಉಳಿಯಲಿ ಅಂತ ರಕ್ತದಲ್ಲಿ ಸ್ನಾನ ಮಾಡುತ್ತಿದ್ದಳು ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಆ ಕಾಲದ ಸಾಕ್ಷಿಗಳ ಹೇಳಿಕೆಯಲ್ಲಿ ಆ ಮಾತೇ ಇಲ್ಲ. ಅದು ಮೊದಲು ಅಚ್ಚಾಗಿದ್ದು 1729ರಲ್ಲಿ, ಅವಳು ಸತ್ತು ನೂರು ವರ್ಷದ ಮೇಲೆ. ನನಗೆ ಇದು ಗೊತ್ತಿತ್ತು. ಹೇಳಿದೆ ಕೂಡ. ಆದರೂ ಸ್ನಾನದ ತೊಟ್ಟಿ ಶೂಟ್ ಆಯಿತು. ನಾನೇ ಕೆಂಪು ಜಾಸ್ತಿ ಮಾಡಿದೆ. ಯಾಕೆ ಅಂದರೆ ಸುಮ್ಮನೆ ಕ್ರೂರಿ ಅಂದರೆ ಅವರಿಗೆ ಸಾಲದು. ಹೆಂಗಸು ಕೊಂದಿದ್ದಾಳೆ ಅಂದರೆ ಅಂದದ ಆಸೆಗೋ, ಗಂಡನ ಆಸೆಗೋ ಕೊಂದಿರಬೇಕು.

ರಾತ್ರಿಪಾಳಿ

ಇಲ್ಲಿ ಬರೆಯುವುದು ಬೇಡ ಅಂತಿದ್ದೆ. ಡ್ಯೂಟಿ ಚಾರ್ಟಿನ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ.

ನಾನು 18 ವರ್ಷದಿಂದ ನರ್ಸ್. ಕೊಂದ ನರ್ಸ್‌ಗಳಿಗೆ ಈ ಚಿತ್ರಗಳು ಹಚ್ಚುವ ‘ಸಾವಿನ ದೇವತೆ’ ಅನ್ನುವ ಪದ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ನಾವು ದೇವತೆಗಳೂ ಅಲ್ಲ, ಯಮನ ಕಡೆಯವರೂ ಅಲ್ಲ, ಸಂಬಳಕ್ಕೆ ಕೆಲಸ ಮಾಡುವವರು. ಮೊದಲು ದೇವತೆ ಅಂತ ಮೇಲೆ ಕೂರಿಸುವುದು, ಆಮೇಲೆ ‘ಅಯ್ಯೋ ದೇವತೆ ಹೀಗಾ’ ಅಂತ ಬಾಯಿ ಬಿಡುವುದು.

ಜರ್ಮನಿಯ ನೀಲ್ಸ್ ಹೋಗೆಲ್ ಗೊತ್ತಾ? ನರ್ಸ್, ಗಂಡಸು. 2019ರಲ್ಲಿ 85 ಕೊಲೆಗಳಿಗೆ ಶಿಕ್ಷೆಯಾಯಿತು. ಅಮೆರಿಕದ ಚಾರ್ಲ್ಸ್ ಕಲೆನ್, ಅವನೂ ನರ್ಸ್, 29 ಕೊಲೆ ಒಪ್ಪಿಕೊಂಡ. ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಹೋಗುತ್ತಲೇ ಇದ್ದ. ಅವರ ಕಥೆ ಮಾಡುವಾಗ ಆಸ್ಪತ್ರೆಗಳು ಯಾಕೆ ಸುಮ್ಮನಿದ್ದವು ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆಲಿಟ್ ವಿಷಯದಲ್ಲೂ ಅದು ಕೇಳಬೇಕಾದ್ದೇ. 1994ರಲ್ಲಿ ಒಂದು ವಿಚಾರಣಾ ವರದಿ ಬಂತು. ತರಬೇತಿಯ ಕಾಲದಲ್ಲಿ ಅವಳು ಹುಷಾರಿಲ್ಲ ಅಂತ ಎಷ್ಟು ರಜೆ ಹಾಕಿದ್ದಳು, ಅದನ್ನು ಯಾಕೆ ನೋಡಲಿಲ್ಲ, ವಾರ್ಡಿನಲ್ಲಿ ಜನ ಎಷ್ಟು ಕಮ್ಮಿ ಇದ್ದರು, ಎಲ್ಲ ಅದರಲ್ಲಿದೆ. ಅಡಿಸಾಲು, ನಿಮ್ಮ ಕಂತಿನಲ್ಲಿ ಆ ವರದಿ ಎಷ್ಟು ನಿಮಿಷ ಬರುತ್ತದೆ? ಅವಳ ಶಾಲೆಯ ದಿನಗಳ ಫೋಟೋ ಎಷ್ಟು ನಿಮಿಷ ಬರುತ್ತದೆ? ಎಣಿಸಿ ಹೇಳಿ.

ಇನ್ನೂ ಒಂದು. ಕೊಂದವಳನ್ನು ಹೇಗೆ ತೋರಿಸುತ್ತಾರೆ ಅಂತ ಮಾತಾಡುತ್ತಿದ್ದೀರಿ. ಕೊಲ್ಲದವಳನ್ನೂ ಹಾಗೇ ತೋರಿಸಿದ್ದಾರೆ. ನೆದರ್ಲೆಂಡ್ಸ್‌ನ ನರ್ಸ್ ಲೂಸಿಯಾ ಡೆ ಬರ್ಕ್‌ಗೆ 2003ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟರು. ಇವಳ ಪಾಳಿಯಲ್ಲೇ ಇಷ್ಟು ಸಾವು ಆಕಸ್ಮಿಕವಾಗಿ ಆಗುವ ಸಾಧ್ಯತೆ 34 ಕೋಟಿಯಲ್ಲಿ ಒಂದು ಅಂತ ಲೆಕ್ಕ ತೋರಿಸಿದರು. ಆ ಲೆಕ್ಕವೇ ತಪ್ಪಾಗಿತ್ತು. ಡೈರಿಯಲ್ಲಿ ‘ತಡೆಯಲಾಗದ ಸೆಳೆತಕ್ಕೆ ಸೋತೆ’ ಅನ್ನುವ ಥರ ಏನೋ ಬರೆದಿದ್ದಳು. ಅದು ಕೊಲೆಯ ಸೆಳೆತ ಅಂದರು. ಭವಿಷ್ಯ ಹೇಳುವ ಟ್ಯಾರೋ ಕಾರ್ಡ್ ನೋಡುವ ಚಟ ಅಂತ ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. 2010ರಲ್ಲಿ ನಿರಪರಾಧಿ ಅಂತ ತೀರ್ಪಾಯಿತು. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ಕಥೆಯೂ ಅದೇ. ನಾಲ್ಕು ಮಕ್ಕಳು ಒಂದಾದ ಮೇಲೊಂದು ತೀರಿಕೊಂಡರು. 2003ರಲ್ಲಿ ಶಿಕ್ಷೆ, ಅಲ್ಲೂ ಡೈರಿಯೇ ಸಾಕ್ಷಿ. ‘ನನ್ನಿಂದ ಆಗುತ್ತಿಲ್ಲ, ನಾನು ಕೆಟ್ಟ ತಾಯಿ’ ಅನ್ನುವ ಧಾಟಿಯ ಮಾತುಗಳನ್ನು ತಪ್ಪೊಪ್ಪಿಗೆ ಅಂತ ಓದಿದರು. ಆಮೇಲೆ ಅವಳ ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯದ ಬಡಿತ ಕೆಡಿಸಬಲ್ಲ ವಂಶವಾಹಿ ದೋಷ ಕಂಡುಬಂತು. 2023ರ ಜೂನ್‌ನಲ್ಲಿ ಕ್ಷಮಾದಾನ, ಡಿಸೆಂಬರ್‌ನಲ್ಲಿ ಶಿಕ್ಷೆಯೇ ರದ್ದು. 20 ವರ್ಷ ಜೈಲಿನಲ್ಲಿದ್ದಳು.

ಮಗು ಕಳೆದುಕೊಂಡ ತಾಯಂದಿರು ಏನೇನು ಮಾತಾಡುತ್ತಾರೆ ಅಂತ ನನ್ನ ವಾರ್ಡಿಗೆ ಬಂದು ಕೇಳಿ. “ನಾನೇ ಕೊಂದೆ ಸಿಸ್ಟರ್” ಅಂತ ನನ್ನ ಕೈ ಹಿಡಿದುಕೊಂಡು ಹೇಳಿದವರಿದ್ದಾರೆ. ಆ ಮಗುವಿಗೆ ನ್ಯುಮೋನಿಯಾ ಆಗಿತ್ತು.

ಹೋದ ವರ್ಷ ಒಬ್ಬರ ಮಗಳು, ಒಳ್ಳೆಯ ಹುಡುಗಿ, ನಾನು ಸಿರಿಂಜ್ ತುಂಬುವಾಗ ಮೊಬೈಲ್ ತೆಗೆದು ವಿಡಿಯೋ ಮಾಡಲು ಶುರು ಮಾಡಿದಳು. ಯಾಕಮ್ಮ ಅಂದೆ. “ಬೇಜಾರು ಮಾಡ್ಕೋಬೇಡಿ ಸಿಸ್ಟರ್, ನಿನ್ನೆ ರಾತ್ರಿ ಒಂದು ಡಾಕ್ಯುಮೆಂಟರಿ ನೋಡಿದೆ” ಅಂದಳು. ಔಷಧಿಯ ಬಾಟಲಿಯ ಲೇಬಲ್ ಕ್ಯಾಮೆರಾಗೆ ಹಿಡಿದೆ. ಫೋಕಸ್ ಆಯಿತಾ ಅಂತ ಕೇಳಿದೆ. ಇನ್ನೇನು ಮಾಡಲಿ?

ಮೂರುಕಾಸು

‘ವಿಷ ಹೆಂಗಸಿನ ಆಯುಧ’ ಅಂತ ಈ ಚಿತ್ರಗಳಲ್ಲಿ ಹತ್ತು ಸಲ ಹೇಳುತ್ತಾರೆ. ನಮ್ಮ ಸೈನೈಡ್ ಮೋಹನ್ ಏನು ಹೆಂಗಸಾ? ಮೇಷ್ಟ್ರು, 20 ಹೆಣ್ಣುಮಕ್ಕಳ ಕೊಲೆ ಕೇಸಿನಲ್ಲಿ ವಿಚಾರಣೆ ಎದುರಿಸಿದವನು. ಸೈನೈಡ್ ಮಲ್ಲಿಕಾ ಅಂತ ಕೆಂಪಮ್ಮನಿಗೂ ಅದೇ ಬಿರುದು. ಇಲ್ಲಿ ಮಾತ್ರ ಸಮಾನತೆ.

ಕೇರಳದ ಕೂಡತ್ತಾಯಿ ಕೇಸಿನ ಮೇಲೆ, ಮನೆಯವರಿಗೇ ವಿಷ ಹಾಕಿದ ಆರೋಪ ಒಬ್ಬ ಹೆಂಗಸಿನ ಮೇಲಿರುವ ಕೇಸು, 2023ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಚಿತ್ರ ಬಂತಲ್ಲ, ಕೋರ್ಟಿನಲ್ಲಿ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಹೆಸರು ‘ಕರಿ ಅಂಡ್ ಸೈನೈಡ್’. ಆರೋಪಿ ಗಂಡಸಾಗಿದ್ದರೆ ಆ ಹೆಸರಿನಲ್ಲಿ ಸಾರು ಪಲ್ಯ ಬರುತ್ತಿತ್ತಾ? ಯಾರಾದರೂ ಹೇಳಿ.

ಪದದ ಪ್ರಶ್ನೆಗೆ: ಪೇಪರಿನವರ ಥರ ‘ಆತ, ಆಕೆ’ ಹಾಕಿ. ಬೈದ ಹಾಗೂ ಇಲ್ಲ, ಹೊಗಳಿದ ಹಾಗೂ ಇಲ್ಲ.

ಸುಮ್ನೆನೋಡುವವ

ಸಿಸ್ಟರ್ ಬರೆದದ್ದು ಓದಿದೆ. ಫೋಲ್ಬಿಗ್ ವಿಷಯ ನನಗೆ ಗೊತ್ತಿರಲಿಲ್ಲ. ಆ ಹೆಂಗಸಿನ ಮೇಲೆ ಹಳೆಯ ವಿಡಿಯೋ ಒಂದು ನೋಡಿದ್ದೆ, ಕೊಂದಿದ್ದಾಳೆ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ.

ಆದರೂ ನನ್ನ ಮೊದಲ ಮಾತು ಬಿಡುವುದಿಲ್ಲ. ಸತ್ತವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಅಡಿಸಾಲು

@ರಾತ್ರಿಪಾಳಿ, ಎಣಿಸಿದೆ. ಸ್ಟಾಪ್‌ವಾಚ್ ಹಿಡಿದು. ವರದಿ 40 ಸೆಕೆಂಡ್. ಶಾಲೆಯ ಫೋಟೋ, ಕೈಗೆ ಸುತ್ತಿಕೊಂಡ ಬ್ಯಾಂಡೇಜಿನ ಕಥೆ, ಅವಳ ಹಳೆಯ ಪ್ರೇಮ, ಎಲ್ಲ ಸೇರಿ 9 ನಿಮಿಷ. ಲೇಬಲ್ ಫೋಕಸ್ ಆಯಿತಾ ಅಂತ ನೀವು ಕೇಳಿದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಸತ್ತವರ ಹೆಸರಿನ ಮಾತು ಮತ್ತೆ ಬಂದಿದ್ದರಿಂದ, ಆರನೇ ಕಂತನ್ನೂ ನಿನ್ನೆ ತೆರೆದು ನೋಡಿದೆ. ಅದು ಡೊರೋಥಿಯಾ ಪುವೆಂಟೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ ಮನೆ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದವಳು. ಬಾಡಿಗೆದಾರರು ವಯಸ್ಸಾದವರು, ಕಾಯಿಲೆಯವರು, ಕುಡಿತಕ್ಕೆ ಬಿದ್ದವರು. ಅವರು ಸತ್ತ ಮೇಲೂ ಅವರ ಸರ್ಕಾರಿ ಚೆಕ್ ನಗದು ಮಾಡಿಕೊಳ್ಳುತ್ತಿದ್ದಳು. 1988ರ ನವೆಂಬರ್‌ನಲ್ಲಿ ಪೊಲೀಸರು ಅಂಗಳ ಅಗೆದಾಗ ಏಳು ಹೆಣ ಸಿಕ್ಕವು. ಅಗೆತ ನಡೆಯುತ್ತಿದ್ದಾಗಲೇ ಇವಳು ಕಾಫಿ ಕುಡಿದು ಬರುತ್ತೇನೆ ಅಂತ ಪೊಲೀಸರ ಕಣ್ಣೆದುರೇ ಹೊರಟುಹೋದಳು, ಲಾಸ್ ಏಂಜಲೀಸ್‌ನಲ್ಲಿ ಸಿಕ್ಕಿಬಿದ್ದಳು. 1993ರಲ್ಲಿ ಮೂರು ಕೊಲೆಗೆ ಶಿಕ್ಷೆಯಾಯಿತು.

ಈ ಕಾಫಿ ಪ್ರಸಂಗಕ್ಕೆ ಆರು ನಿಮಿಷ. ಕೆಂಪು ಕೋಟು, ಬಿಳಿ ಕೂದಲು, ಎಷ್ಟು ಮುದ್ದಾದ ಅಜ್ಜಿ ಅಂತ ನಾಲ್ಕು ಜನ ಬಂದು ಹೇಳುತ್ತಾರೆ. ಪೊಲೀಸರು ಬಿಟ್ಟದ್ದು ಯಾಕೆ ಅಂದರೆ ಅವಳು ಅಜ್ಜಿಯ ಹಾಗೆ ಕಂಡಳು. ಚಿತ್ರದವರೂ ಅದೇ ಅಜ್ಜಿಯನ್ನೇ ನೋಡುತ್ತಾ ಕೂತಿದ್ದಾರೆ. ಅಷ್ಟು ಜನ ಕಾಣೆಯಾದರೂ ಯಾರೂ ಯಾಕೆ ಹುಡುಕಿಕೊಂಡು ಬರಲಿಲ್ಲ ಅನ್ನುವುದು ಅಲ್ಲಿನ ಭಯಂಕರ ವಿಷಯ. ಕೊನೆಗೆ ಬಂದದ್ದು ಒಬ್ಬರು. ಬರ್ಟ್ ಮೊಂಟೋಯಾ ಅನ್ನುವವರಿಗೆ ಆ ಮನೆಯಲ್ಲಿ ಜಾಗ ಮಾಡಿಕೊಟ್ಟಿದ್ದ ಸಮಾಜಸೇವಾ ಕಾರ್ಯಕರ್ತೆ. ಬರ್ಟ್ ಎಲ್ಲಿ ಅಂತ ಕೇಳುತ್ತಲೇ ಹೋದರು, ಏನು ಹೇಳಿದರೂ ನಂಬಲಿಲ್ಲ, ಪೊಲೀಸರ ತನಕ ಹೋದರು. ಅದಕ್ಕೇ ಅಂಗಳ ಅಗೆದದ್ದು. ಕಂತಿನಲ್ಲಿ ಅವರಿಗೆ ಸಿಕ್ಕಿರುವುದು ಎರಡು ಮಾತು.

ನನ್ನ ಕರಡಿನಲ್ಲಿ ಬರ್ಟ್ ಹೇಗಿದ್ದ ಗೊತ್ತಾ? “ಬರ್ಟ್ ಬಂದ. ಬರ್ಟ್ ಕಾಣೆಯಾದ.” ಡಾಕ್ಟರ್‌ಗೆ ‘ರು’ ಹಾಕಿದ ಕೈಯೇ ಇದು. ಬಡವ, ತಲೆ ಸರಿಯಿಲ್ಲದವನು ಅಂತ ಏಕವಚನ. ನಾನು ಹೆಂಗಸು ಗಂಡಸು ಅಂತ ಗೆರೆ ಎಳೆದು ನೋಡುತ್ತಿದ್ದೆ, ಈ ಕೈ ಅಲ್ಲಿಗೆ ನಿಲ್ಲುವುದಿಲ್ಲ.

ಹೀಗೆ ಮಾಡಿದೆ. ಮೂರುಕಾಸು ಹೇಳಿದ ಹಾಗೆ ಕೊಂದವರಿಗೆಲ್ಲ ‘ಆತ, ಆಕೆ’, ಕ್ರಿಯಾಪದ ಏಕವಚನ. ಸತ್ತವರಿಗೆ, ಹುಡುಕಿಕೊಂಡು ಬಂದವರಿಗೆ ‘ಅವರು’. ಬರ್ಟ್ ಬಂದರು, ಬರ್ಟ್ ಕಾಣೆಯಾದರು. ಜಾಗ ಸಿಕ್ಕಲ್ಲೆಲ್ಲ ‘ಅವರು’ ತೆಗೆದು ಹೆಸರು ಹಾಕಿದೆ. ಎರಡು ಸಾಲಿನೊಳಗೆ ಹಿಡಿಸುವುದು ಕಷ್ಟ, ಮೂರ್ನಾಲ್ಕು ಕಡೆ ವಿಶೇಷಣ ಹಾರಿಸಿದೆ. ‘ಮುದ್ದಾದ’ ಹೋಯಿತು, ಯಾರೂ ಅಳುವುದಿಲ್ಲ. ‘ದೇವತೆ’ ಬಂದಲ್ಲಿ, ನಿರೂಪಕ ಹೇಳಿದ್ದನ್ನು ಬಿಡುವ ಹಾಗಿಲ್ಲ, ಉದ್ಧರಣ ಚಿಹ್ನೆ ಹಾಕಿ ದೂರ ನಿಂತೆ.

ಐದನೇ ಕಂತು ಇವತ್ತು ಬೆಳಿಗ್ಗೆ ಪರಿಶೀಲನೆ ಮುಗಿದು ವಾಪಸ್ ಬಂತು. 612 ಸಾಲಿನಲ್ಲಿ ಒಂದೇ ಒಂದು ತಿದ್ದುಪಡಿ. ನಾನು ‘ಡಾಕ್ಟರ್ ಬಂದ’ ಅಂತ ಬರೆದದ್ದನ್ನು ‘ಡಾಕ್ಟರ್ ಬಂದರು’ ಮಾಡಿದ್ದಾರೆ. ಪಕ್ಕದಲ್ಲಿ ಟಿಪ್ಪಣಿ: “ಕಿವಿಗೆ ಒಂಥರಾ ಕೇಳಿಸುತ್ತೆ.”

ಮತ್ತೆ ‘ಬಂದ’ ಮಾಡಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ.